ಒಳಗೋಡೆಯ ಬುಡದಲ್ಲಿ ಉಪ್ಪು, ಕಿಟಕಿ ಮೂಲೆಯಲ್ಲಿ ಬಿರುಕು: ಎಲ್ಲಿಂದ ಶುರು ಮಾಡಬೇಕು?

ಹಳೆಮನೆ:
ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೂಲ ಗಿಲಾವು ಸುಣ್ಣದ ಗಾರೆಯದು. ನೆಲದಿಂದ 70 ಸೆಂ.ಮೀ. ಎತ್ತರದವರೆಗೆ ಬಣ್ಣ ಹಕ್ಕಳೆ ಎದ್ದಿದೆ, ಅದರಡಿ ಬಿಳಿ ಪುಡಿ. ಎರಡು ವರ್ಷದ ಹಿಂದೆ ಬುಡದ ಗಾರೆ ಕಿತ್ತು ಸಿಮೆಂಟ್ ಗಿಲಾವು ಮಾಡಿ ಪುಟ್ಟಿ ಹಚ್ಚಲಾಗಿತ್ತು. ಈಗ ಪುಟ್ಟಿಯೂ ಉದುರುತ್ತಿದೆ, ತೇವ ಮೊದಲಿಗಿಂತ ಮೇಲೇರಿದೆ. ಕಿಟಕಿಯ ಮೇಲ್ಮೂಲೆಯಿಂದ ಓರೆಯಾಗಿ 2 ಮಿ.ಮೀ. ಅಗಲದ ಬಿರುಕು ಇದೆ. ಎದುರು ಗೋಡೆ ಬಡಿದರೆ ಅಲ್ಲಲ್ಲಿ ಟೊಳ್ಳು ಸದ್ದು. ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ನಿಲ್ಲುತ್ತದೆಯೇ?

ಗಾರೆಕರಣೆ:
ದಯವಿಟ್ಟು ಹೊಡೆಯಬೇಡಿ. ಸಿಮೆಂಟ್ ಮಾಡಿದ ತಪ್ಪನ್ನೇ ಆ ಪೇಂಟೂ ಮಾಡುತ್ತದೆ. ಇಟ್ಟಿಗೆಯೊಳಗೆ ಏರಿದ ನೀರು ಹಿಂದೆ ಸುಣ್ಣದ ಗಾರೆಯ ಮೂಲಕ ಆರಿ ಹೋಗುತ್ತಿತ್ತು. ಆ ದಾರಿ ಮುಚ್ಚಿದ್ದರಿಂದ ಅದು ಇನ್ನೂ ಮೇಲೇರಿ ಹೊರಬರುತ್ತಿದೆ. ನೀರಿನಲ್ಲಿ ಕರಗಿ ಬಂದ ಉಪ್ಪು, ನೀರು ಆರುವ ಜಾಗದಲ್ಲೇ ಹರಳುಗಟ್ಟುತ್ತದೆ. ಪುಟ್ಟಿಯ ಹಿಂದೆ ಹರಳು ಬೆಳೆದಂತೆ ಪುಟ್ಟಿಯನ್ನು ಹೊರಕ್ಕೆ ತಳ್ಳುತ್ತದೆ.

ಮೊದಲು ನೀರಿನ ಮೂಲ ಹುಡುಕಿ. ಬಿಳಿ ಪುಡಿಯ ಮೇಲೆ ನೀರು ಚಿಮುಕಿಸಿ: ಕರಗಿದರೆ ಉಪ್ಪು, ಕರಗದೆ ಮುದ್ದೆಯಾದರೆ ಬೂಷ್ಟು. ಆಮೇಲೆ 45 ಸೆಂ.ಮೀ. ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹನಿ ಕೋಣೆಯ ಬದಿಗೆ ಕಟ್ಟಿದ್ದರೆ ಅದು ಗಾಳಿಯ ತೇವ, ಗಾಳಿಯಾಡಲು ಬಿಟ್ಟರೆ ಸಾಕು. ಗೋಡೆಯ ಬದಿಗೆ ಕಟ್ಟಿದ್ದರೆ ನೀರು ಗೋಡೆಯೊಳಗಿದೆ. ಪೈಪ್ ಸೋರಿಕೆ ಹೌದೋ ಅಲ್ಲವೋ ತಿಳಿಯಲು ಎಲ್ಲ ನಲ್ಲಿ ಮುಚ್ಚಿ ಒಂದು ಗಂಟೆ ನೀರಿನ ಮೀಟರ್ ಗಮನಿಸಿ. ಹೊರಗಡೆ ಮಣ್ಣು ಒಳನೆಲಕ್ಕಿಂತ ಎಷ್ಟು ಕೆಳಗಿದೆ ಎಂದೂ ಅಳೆದು ಹೇಳಿ.

ಹಳೆಮನೆ:
ಪುಡಿ ಕರಗಿತು. ಹನಿ ಗೋಡೆಯ ಬದಿಗೇ ಇತ್ತು. ಮೀಟರ್ ಅಲುಗಲಿಲ್ಲ. ಹೊರಗೆ ಹೂವಿನ ಪಾತಿಯ ಮಣ್ಣು ಒಳನೆಲಕ್ಕಿಂತ 10 ಸೆಂ.ಮೀ. *ಮೇಲೆ* ಇದೆ.

ಗಾರೆಕರಣೆ:
ಹಾಗಾದರೆ ಮೊದಲ ಕೆಲಸ ಗುದ್ದಲಿಯದು. ಒಳನೆಲಕ್ಕಿಂತ ಕನಿಷ್ಠ 15 ಸೆಂ.ಮೀ. ಕೆಳಗಿಳಿಯುವವರೆಗೆ ಮಣ್ಣು ತೆಗೆದು, ಗೋಡೆಯಿಂದ ಆಚೆಗೆ ಇಳಿಜಾರು ಕೊಡಿ. ಪಾಯದ ಬುಡ ಮಾತ್ರ ಕೆದಕಬೇಡಿ.

ಒಳಗೆ ತೇವದ ಗೆರೆಗಿಂತ 50 ಸೆಂ.ಮೀ. ಮೇಲಿನವರೆಗೆ, ನಿಮ್ಮಲ್ಲಿ 120 ಸೆಂ.ಮೀ.ವರೆಗೆ, ಸಿಮೆಂಟೂ ಉಪ್ಪು ಕುಡಿದ ಹಳೆ ಗಾರೆಯೂ ಸೇರಿ ಗಿಲಾವು ಪೂರ್ತಿ ಕೀಳಿ. ಇಟ್ಟಿಗೆ ಸಂದಿನ ಸಡಿಲ ಗಾರೆಯನ್ನು 15 ಮಿ.ಮೀ. ಆಳಕ್ಕೆ ಕೆರೆಯಿರಿ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಬಾಚಿ ಹೊರಗೆ ಹಾಕಿ. ತೊಳೆದರೆ ಅದು ಕರಗಿ ಮತ್ತೆ ಇಟ್ಟಿಗೆಯೊಳಗೆ ಹೋಗುತ್ತದೆ.

ಇನ್ನು ಕಾಯಬೇಕು, ಎಲ್ಲರೂ ಎಡವುವುದು ಇಲ್ಲಿಯೇ. ಗೋಡೆಯ ಒಂದು ಇಂಚು ದಪ್ಪ ಆರಲು ಸುಮಾರು ಒಂದು ತಿಂಗಳು ಎಂಬುದು ವಾಡಿಕೆಯ ಲೆಕ್ಕ. ಅಂದರೆ ನಿಮ್ಮ ಗೋಡೆಗೆ ಒಂಬತ್ತು ತಿಂಗಳು. ಅಷ್ಟು ದಿನ ಇಟ್ಟಿಗೆ ಬರಿದಾಗಿಯೇ ಇರಲಿ, ಮತ್ತೆ ಮೂಡುವ ಉಪ್ಪನ್ನು ಆಗಾಗ ಉಜ್ಜುತ್ತಿರಿ.

ಆಮೇಲೆ ಒಂದು ಪಾಲು ಅರಳಿಸಿದ ಸುಣ್ಣ, ಮೂರು ಪಾಲು ತೊಳೆದ ಮರಳು. ಇಟ್ಟಿಗೆಗೆ ನೀರು ಚಿಮುಕಿಸಿ 10 ಮಿ.ಮೀ. ಮೊದಲ ಪದರ ಹಾಕಿ, ಹಸಿಯಿದ್ದಾಗಲೇ ಗೀರು ಎಳೆಯಿರಿ. ಹೆಬ್ಬೆರಳು ಒತ್ತಿದರೆ ತಗ್ಗು ಬೀಳದೆ, ಉಗುರಿಗೆ ಸಣ್ಣ ಗೀರು ಮಾತ್ರ ಬೀಳುವ ಹದಕ್ಕೆ ಬಂದಾಗ ಎರಡನೇ ಪದರ. ವಾರವಿಡೀ ಮಂಜಿನಂತೆ ನೀರು ಸಿಂಪಡಿಸಿ. ಬೇಗ ಒಣಗಿದರೆ ಪುಡಿಯಾಗುತ್ತದೆ. ಕೊನೆಗೆ ಸುಣ್ಣ ಬಳಿದರೆ ಸಾಕು. ಆಯಿಲ್ ಪೇಂಟ್, ಪಿಓಪಿ ಎರಡೂ ಬೇಡ.

ಬಿರುಕುಗಣ್ಣು:
ಬಿರುಕನ್ನು ಈಗಲೇ ತುಂಬಬೇಡಿ. ಅದರ ಎರಡೂ ತುದಿಯಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ನಡುವೆ ಬಿರುಕಿನ ಆಚೀಚೆ ಎರಡು ಚುಕ್ಕೆ ಇಟ್ಟು ತಿಂಗಳಿಗೊಮ್ಮೆ ಅಂತರ ಅಳೆಯಿರಿ. ಹೇಗೂ ಒಂಬತ್ತು ತಿಂಗಳು ಕಾಯುತ್ತೀರಿ, ಮಳೆಗೂ ಬಿಸಿಲಿಗೂ ಅದು ಹೇಗೆ ಆಡುತ್ತದೆ ಎಂಬುದು ಗೊತ್ತಾಗುತ್ತದೆ. ಬಿರುಕಿನ ಅಗಲ 5 ಮಿ.ಮೀ. ದಾಟಿದರೆ, ಕಿಟಕಿ ಬಾಗಿಲು ಬಿಗಿಯತೊಡಗಿದರೆ, ಅಥವಾ ಅದೇ ಬಿರುಕು ಹೊರಗೋಡೆಯಲ್ಲೂ ಕಂಡರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ನಿಂತಿದೆ ಎಂದು ಖಚಿತವಾದರೆ 10 ಮಿ.ಮೀ. ಅಗಲ, ಅಷ್ಟೇ ಆಳ ಕೆತ್ತಿ, ಧೂಳು ಬಾಚಿ, ನೀರು ಚಿಮುಕಿಸಿ, ಸಣ್ಣ ಮರಳಿನ ಸುಣ್ಣದ ಗಾರೆಯನ್ನು ಎರಡು ಸಲಕ್ಕೆ ತುಂಬಿ. ಇನ್ನೂ ಅಲುಗುವ ಬಿರುಕಿಗೆ ಗಟ್ಟಿ ಸಿಮೆಂಟ್ ತುಂಬಿದರೆ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ.

ಟೊಳ್ಳು ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಸೀಮೆಸುಣ್ಣದಿಂದ ಸುತ್ತು ಹಾಕಿ. ಅಂಗೈಯಗಲವಿದ್ದು, ಒತ್ತಿದರೆ ಅಲುಗದಿದ್ದರೆ ಬಿಟ್ಟುಬಿಡಿ. ಅಲುಗಿದರೆ ಕಿತ್ತು ಮತ್ತೆ ಹಾಕುವುದೇ ಸರಿ. ಚಾಣವನ್ನು ಗೋಡೆಗೆ ಓರೆಯಾಗಿ ಹಿಡಿದು ಮೆಲ್ಲಗೆ ಹೊಡೆಯಿರಿ, ನೆಟ್ಟಗೆ ಹೊಡೆದರೆ ಪಕ್ಕದ ಗಟ್ಟಿ ಗಾರೆಯೂ ಬಿಡುತ್ತದೆ.

ಎರಡು ಎಚ್ಚರ: ಕೆತ್ತುವ ಮೊದಲು ಆ ಗೋಡೆಯ ಕರೆಂಟ್ ತೆಗೆಯಿರಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜದೆ ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿ, ಮಕ್ಕಳನ್ನು ಕೋಣೆಯಿಂದ ದೂರ ಇಡಿ.

ಗಾರೆಕರಣೆ:
ಸುಣ್ಣ ಕಲಸುವಾಗ ಕನ್ನಡಕ, ಕೈಗವಸು ತಪ್ಪಿಸಬೇಡಿ. ಕಣ್ಣಿಗೆ ಬಿದ್ದರೆ ಉಜ್ಜದೆ, 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ವೈದ್ಯರ ಬಳಿ ಹೋಗಿ.