ಪದ ಬೇಕಾಗೇತಿ (ಅರ್ಜೆಂಟ್): ‘ಸ್ಕ್ವೇರ್-ಫ್ರೀ’ ಸಂಖ್ಯೆಗೆ ಕನ್ನಡದಾಗ ಏನಂತಾರ?

ಬಳ್ಳಾರಿಯಿಂದ:
ಎಲ್ರಿಗೂ ನಮಸ್ಕಾರ. ಹೈಸ್ಕೂಲಿನ ವಿಜ್ಞಾನ ಮೇಳಕ್ಕ ನಮ್ಮ ಹುಡುಗ್ರು ಪಿನ್‌ಕೋಡ್‌ಗಳನ್ನೇ ದೊಡ್ಡ ಸಂಖ್ಯೆ ಅಂತ ತಗೊಂಡು ಅಪವರ್ತನ ಬಿಡಿಸ್ಯಾರ. ಬಳ್ಳಾರಿ 583101 ಅಂದ್ರ 3×3×67×967. ರಾಯಚೂರು 584101 ಅಂದ್ರ 7×83443, ಅಷ್ಟೇ, ಎರಡೂ ಅವಿಭಾಜ್ಯ. ರಾಯಚೂರಿನದ್ರಾಗ ಯಾವ ಅವಿಭಾಜ್ಯಾನೂ ಎರಡು ಸಲ ಬರಂಗಿಲ್ಲ, ನಮ್ಮದ್ರಾಗ 3 ಎರಡು ಸಲ ಐತಿ. ರಾಯಚೂರಿನಂಥ ಸಂಖ್ಯೆಗೆ ಇಂಗ್ಲಿಷ್‌ನಾಗ ಸ್ಕ್ವೇರ್-ಫ್ರೀ ಅಂತಾರ. ಫ್ಲೆಕ್ಸ್‌ನವ ಸಂಜಿ ಒಳಗ ಮ್ಯಾಟರ್ ಕೊಡ್ರಿ ಅಂತ ಕುಂತಾನ. ‘ವರ್ಗರಹಿತ’ ಅಂತ ಬರೆದ್ರ ನಡೀತೈತೇನ್ರಿ?

ರಾಯಚೂರಿಂದ:
ಬ್ಯಾಡ್ರಿ. ವರ್ಗರಹಿತ ಅಂದ ಕೂಡ್ಲೆ ಬಾಯಿಗೆ ‘ಸಮಾಜ’ ಬರ್ತದ. ವರ್ಗಮುಕ್ತ ಅಂತ ಹಾಕ್ರಿ, ಹಿಂದಿಯವ್ರೂ ಹಂಗೇ ಅಂತಾರ.

ಕೊಪ್ಪಳದಿಂದ:
ಹಿಂದಿಯವ್ರು ಅಂದ್ರ ನಾವೂ ಅನ್ಬೇಕೇನು? ಋಣಮುಕ್ತ ಆಗ್ಬೇಕಂದ್ರ ಮೊದ್ಲು ಸಾಲ ಇರ್ಬೇಕು. 584101ಕ್ಕ ವರ್ಗ ಯಾವಾಗ ಗಂಟು ಬಿದ್ದಿತ್ತು ಮುಕ್ತ ಆಗಾಕ? ಶಾಲಿಯಾಗ ವರ್ಗ, ನೌಕರಿಯಾಗ ವರ್ಗ, ಗಣಿತದಾಗೂ ಅದೇ ವರ್ಗ, ಎಷ್ಟು ಕಡೆ ಅಂತ ದುಡೀಬೇಕು ಆ ಒಂದು ಪದ. ಚದರ ಅಡಿ ಅಂದ್ರ ಸೈಟು ನೋಡಿದ ಪ್ರತಿ ಮನಷ್ಯಾಗೂ ಗೊತ್ತು. ‘ಚದರವಿಲ್ಲದ ಎಣಿ’ ಅನ್ರಿ. ಕವಿರಾಜಮಾರ್ಗ ತಿರುಳ್ಗನ್ನಡಕ್ಕ ಹೆಸರಿಸಿದ ನಾಕು ಊರಾಗ ನಮ್ಮ ಕೊಪಣ ಒಂದು, ಇಲ್ಲಿಯವ್ರೇ ಸಂಸ್ಕೃತಕ್ಕ ಕೈಚಾಚಿದ್ರ ಹೆಂಗ?

ರಾಯಚೂರಿಂದ:
ಅದೇ ನೃಪತುಂಗನ ಕಾಲದಾಗೇ ಮಹಾವೀರಾಚಾರ್ಯ ಗಣಿತ ಬರೆದಿದ್ದು ಸಂಸ್ಕೃತದಾಗ, ವರ್ಗ ವರ್ಗಮೂಲ ಘನ ಎಲ್ಲಾ ಅಲ್ಲೇ ಅದಾವ, ಸಾವಿರ ವರ್ಷದ ಮ್ಯಾಲಾತು, ಇವತ್ತಿನ ಹುಡುಗ್ರೂ ವರ್ಗಮೂಲ ಅಂತನೇ ಕಲೀತಾರ, ಅವ್ರ ಕಿವಿಗೆ ಬಿದ್ದ ಪದ ಬಿಟ್ಟು ಚದರಬೇರು ಅಂತ ಹೊಸಾದು ಯಾಕ ಹುಟ್ಟಿಸ್ಬೇಕು? ಚದರಾನೂ ಅಚ್ಚಗನ್ನಡ ಅಲ್ಲ, ಚತುರಸ್ರದ ತದ್ಭವ. ಮುಕ್ತದ ತಕರಾರೂ ನಿಲ್ಲಂಗಿಲ್ಲ. ತೆರಿಗೆಮುಕ್ತ ಆದಾಯಕ್ಕ ಮೊದ್ಲು ಎಲ್ಲಿ ತೆರಿಗೆ ಇತ್ತು?

ಬಳ್ಳಾರಿಯವ್ರಿಗೆ ಒಂದು ಮಾತು. ಪದ ಯಾವುದಾದ್ರೂ ಇರ್ಲಿ, ಕೆಳಗ ಅರ್ಥ ಬರೀಲೇಬೇಕು. ನಿಮ್ಮ 583101 ತಾನು ವರ್ಗಸಂಖ್ಯೆ ಅಲ್ಲ, ಆದ್ರೂ 9 ಅದನ್ನ ಪೂರ್ತಿ ಭಾಗಿಸ್ತದ, 64789 ಬರ್ತದ. ಬರೇ ಪದ ನೋಡಿದವ್ರು ‘ವರ್ಗಸಂಖ್ಯೆ ಅಲ್ಲದ್ದೆಲ್ಲಾ ವರ್ಗಮುಕ್ತ’ ಅಂತ ತಿಳ್ಕೋತಾರ. ಇನ್ನ 1 ಕೂಡ ವರ್ಗಾನೇ, ಅದು ಎಲ್ಲಾ ಸಂಖ್ಯೆನೂ ಭಾಗಿಸ್ತದ, ಅದನ್ನ ಹೊರಗಿಡ್ರಿ.

ಬಳ್ಳಾರಿಯಿಂದ:
ಫ್ಲೆಕ್ಸ್‌ಗೆ ಕಳಿಸ್ದೆ: “ವರ್ಗಮುಕ್ತ ಸಂಖ್ಯೆ: 1ನ್ನು ಬಿಟ್ಟು ಬೇರೆ ಯಾವ ವರ್ಗಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ್ದು.” ಇಬ್ರಿಗೂ ಶರಣ್ರಿ.

ಕೊಪ್ಪಳದಿಂದ:
ನಿಶ್ಶೇಷ ಯಾಕ್ರಿ? ‘ಏನೂ ಉಳಿಯದಂತೆ’ ಅಂತ ಬರೀರಿ. ಪ್ರಿಂಟ್ ಆಗೋದ್ರಾಗ ಫೋನ್ ಮಾಡಿ ತಿದ್ದಸ್ರಿ.