ಬೋರಿವಲಿ ರಾಷ್ಟ್ರೀಯ ಉದ್ಯಾನ: ಒಂದು ದಿನದ ಭೇಟಿಗೆ ಸಲಹೆ ಬೇಕು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ದೀಪಾವಳಿಯ ನಂತರ ಧಾರವಾಡದಿಂದ ನಮ್ಮ ಅತ್ತೆ, ಮಾವ ಮುಂಬೈ ಬಳಿಯ ಕಲ್ಯಾಣದ ನಮ್ಮ ಮನೆಗೆ ಬರಲಿದ್ದು, ಅವರನ್ನೂ ಹತ್ತು ವರ್ಷದ ಮಗಳನ್ನೂ ಮುಂಬೈನ ಬೋರಿವಲಿಯಲ್ಲಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಕೇಳಿದವರೆಲ್ಲರೂ ಸಫಾರಿ, ಪುಟಾಣಿ ರೈಲು, ದೋಣಿವಿಹಾರ ಎಂದು ಉದ್ದನೆಯ ಪಟ್ಟಿಯನ್ನೇ ಕೊಟ್ಟಿದ್ದಾರೆ. ಅವೆಲ್ಲವನ್ನೂ ಮುಗಿಸಲು ಹೊರಟರೆ ಒಂದು ಮರದ ಕೆಳಗೆ ನಿಂತು ಹಕ್ಕಿಯ ದನಿ ಕೇಳುವಷ್ಟೂ ಬಿಡುವು ಸಿಗಲಾರದೆಂಬ ಆತಂಕ ನನ್ನದು.

ಉದ್ಯಾನದೊಳಗಿರುವ ಕನ್ಹೇರಿಯ ಪ್ರಾಚೀನ ಬೌದ್ಧ ಗುಹೆಗಳನ್ನು ಮಾತ್ರ ಬಿಡುವಂತಿಲ್ಲ. ನೂರಕ್ಕೂ ಹೆಚ್ಚು ಗುಹೆಗಳಿರುವ ಆ ಬೆಟ್ಟದಲ್ಲಿ ಮೂರನೆಯ ಗುಹೆಯ ಚೈತ್ಯಾಲಯವನ್ನೂ (ಬೌದ್ಧರ ಪ್ರಾರ್ಥನಾ ಮಂದಿರ), ಮಳೆನೀರು ಹಿಡಿದಿಡಲು ಬಂಡೆಯಲ್ಲಿ ಕೊರೆದ ತೊಟ್ಟಿಗಳನ್ನೂ ಮಗಳಿಗೆ ನಿಧಾನವಾಗಿ ತೋರಿಸುವ ಆಸೆಯಿದೆ; ಅಲ್ಲಿನ ಬ್ರಾಹ್ಮಿ ಶಾಸನಗಳಲ್ಲಿ ನಮ್ಮ ಕಲ್ಯಾಣದ ದಾನಿಗಳ ಉಲ್ಲೇಖವಿರುವುದು ನನಗಂತೂ ಬಹಳ ಆಪ್ತವಾದ ಸಂಗತಿ.

ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡಿನಲ್ಲಿ ಚಿರತೆಗಳಿರುವುದರಿಂದ ಮನಬಂದ ಕಡೆ ನುಗ್ಗುವುದು ಸಲ್ಲದು, ನುಗ್ಗಲೂಬಾರದು. ಹಾಗಾದರೆ ಅನುಮತಿಯಿರುವ ದಾರಿಯಲ್ಲೇ ಇದ್ದುಕೊಂಡು, ಗೊತ್ತುಗುರಿಯಿಲ್ಲದೆ ಎರಡು ಗಂಟೆ ಕಳೆಯಲು ಯೋಗ್ಯವಾದ ಭಾಗ ಯಾವುದು? ಮಂಡಿನೋವಿರುವ ಮಾವನವರು ಗುಹೆಗಳ ಮೆಟ್ಟಿಲುಗಳನ್ನು ಎಲ್ಲಿಯವರೆಗೆ ಹತ್ತಬಲ್ಲರು? ಬೆಳಿಗ್ಗೆ ಮೊದಲು ಗುಹೆಗಳಿಗೆ ಹೋಗುವುದು ಒಳಿತೇ, ಕಾಡಿನ ದಾರಿಯೇ? ಸೋಮವಾರ ರಜೆಯೆಂಬುದು ಗೊತ್ತಿರುವುದರಿಂದ ಬುಧವಾರ ಹೋಗುವ ಯೋಚನೆಯಿದೆ.

ವಯಸ್ಸಾದವರೊಂದಿಗೆ ಅಲ್ಲಿಗೆ ಹೋಗಿಬಂದವರು ಯಾವುದನ್ನು ಕೈಬಿಟ್ಟಿರೆಂಬುದನ್ನೂ ದಯವಿಟ್ಟು ತಿಳಿಸಿ.