ಡಬ್ಬಿ ಮ್ಯಾಲಿನ ಹಳದಿ ತ್ರಿಕೋನ ಇಲಿ ಲೆಕ್ಕದ್ದಾ, ನಮ್ಮ ಲೆಕ್ಕದ್ದಾ?

ಹತ್ತಿಹೊಲ, ಹಾವೇರಿ:
ಹೋದ ವಾರ ಹತ್ತಿಗೆ ಕ್ಲೋರೋಪೈರಿಫಾಸ್ ಎಣ್ಣಿ ಹೊಡದ್ವಿ. ಪಂಪ್ ಹೊತ್ತಾಂವ ನಮ್ಮ ಕಾಕಾ. ಸಂಜೀಕ ತಲಿ ಗಿಮ್ಮಂದು ಜೊಲ್ಲ ಸುರಿಯಾಕ ಹತ್ತಿತು, ಎರಡ ಸಲ ವಾಂತಿ. ದವಾಖಾನ್ಯಾಗ ಎರಡ ದಿನ ಇಟ್ಕೊಂಡ್ರು, ಈಗ ಆರಾಮ ಅದಾರ. ಡಬ್ಬಿ ಮ್ಯಾಲೆ ಹಳದಿ ತ್ರಿಕೋನ ಇತ್ತು, ಕೆಂಪ ಅಲ್ಲಲಾ ಅಂತ ನಾವೂ ಧೈರ್ಯಲೇ ಇದ್ವಿ. ಈ ಬಣ್ಣ ಇಲಿ ಮ್ಯಾಲೆ ಪರೀಕ್ಷಾ ಮಾಡಿ ಹಚ್ಚತಾರಂತ. ಇಲಿ ಸತ್ತ ಲೆಕ್ಕ ಕಾಕಾಗ ಹೆಂಗ ಹೊಂದತೈತ್ರಿ?

ಬೀಜ ಗೊಬ್ಬರ, ರಾಣೆಬೆನ್ನೂರು:
ಮಾರಿಗೆ ಬಟ್ಟಿ ಕಟ್ಟಿದ್ರೇನು? ಎದುರ ಗಾಳಿಗೆ ಹೊಡದ್ರ ಯಾವ ಬಣ್ಣನೂ ಕಾಯಂಗಿಲ್ಲ.

ನಿವೃತ್ತ, ಧಾರವಾಡ:
ಒಂದ ಲ್ಯಾಬಿನ ಅನಿಮಲ್ ಹೌಸಿನ್ಯಾಗ 19 ವರ್ಷ ಇಲಿ ಸಾಕೀನಿ, ನೋಡಿದ್ದ ಹೇಳ್ತೀನಿ. ವಿಸ್ಟಾರ್ ಅನ್ನೋ ತಳಿಯ ಬಿಳಿ ಇಲಿ. ಹಿಂದಿನ ರಾತ್ರಿ ತಿನ್ನೋದು ಬಂದ್, ನೀರಷ್ಟ. ಮುಂಜಾನೆ ತೂಗಿ, ಗುರುತಿಗೆ ಬೆನ್ನಿಗೆ ಪಿಕ್ರಿಕ್ ಆಸಿಡ್ಡಿನ ಹಳದಿ ಚುಕ್ಕಿ ಇಟ್ಟು, ತುದಿ ಗುಂಡಗಿರೋ ಸೂಜಿಲೆ ಔಷಧ ಸೀದಾ ಹೊಟ್ಟಿಗೆ. ಮುಂದ 14 ದಿನ ಕಾಯೋದು. ಕ್ಲೋರೋಪೈರಿಫಾಸಿನ ಜಾತಿ ಔಷಧ ಕೊಟ್ರ ಇಲಿನೂ ಜೊಲ್ಲ ಸುರಸ್ತೈತಿ, ಮೈ ಪಟಪಟ ಅದರತೈತಿ, ಕಣ್ಣಾಗ ಕೆಂಪ ನೀರ. ಹೊಸ ಹುಡುಗ್ರು ರಕ್ತಂತ ಗಾಬರಿ ಆಗತಿದ್ರು. ರಕ್ತ ಅಲ್ಲದು, ಕಣ್ಣಿನ ಹಿಂದಿನ ಗ್ರಂಥಿಯ ಬಣ್ಣ.

ನಿಮ್ಮ ಕಾಕಾನ ಜೊಲ್ಲೂ ಅದ. ಅಸಿಟೈಲ್‌ಕೋಲಿನ್‌ಎಸ್ಟರೇಸ್ ಅನ್ನೋ ಕಿಣ್ವ ಇಲಿಗೂ ಐತಿ, ನಮಗೂ ಐತಿ. ನರದ ಸುದ್ದಿ ನಿಲ್ಲಸೋದು ಅದರ ಕೆಲಸ, ಈ ಎಣ್ಣಿ ಅದನ್ನ ಕಟ್ಟಿಹಾಕಿದ ಮ್ಯಾಲೆ ಸುದ್ದಿ ನಿಲ್ಲಂಗಿಲ್ಲ. ಲಕ್ಷಣ ಹೊಂದತಾವು, ಅಂಕಿ ಹೊಂದಂಗಿಲ್ಲ. ಅರ್ಧ ಇಲಿ ಸಾಯೋ ಪ್ರಮಾಣಕ್ಕ ಎಲ್‌ಡಿ-50 ಅಂತಾರ, 1927ರಾಗ ಟ್ರೆವಾನ್ ಅನ್ನಾಂವ ತಂದದ್ದು. ಬಾಯಿಂದ ಕೊಟ್ಟಾಗ ಕಿಲೋ ತೂಕಕ್ಕ 50 ಮಿಲಿಗ್ರಾಂ ತನಕ ಕೆಂಪ, 500ರ ತನಕ ಹಳದಿ, 5000ದ ತನಕ ನೀಲಿ, ಮುಂದ ಹಸಿರ. ಎಲ್ಲಾ ಒಂದ ಸಲಾ ಕೊಟ್ಟ ಲೆಕ್ಕ. ಚರ್ಮದ ಪರೀಕ್ಷಾ ಬ್ಯಾರೆ ಐತಿ, ಅದೂ 24 ತಾಸಿಂದ. ಬಿಸಲಾಗ ಬೆವತ, ತೊಯ್ದ ಅಂಗಿ ಮ್ಯಾಲೆ ಪಂಪ್ ಹೊತ್ತ ತಿರಗೋ ಇಲಿ ನಾನಂತೂ ನೋಡಿಲ್ಲ. ಇನ್ನ ಹಳದಿ ಡಬ್ಬಿ ಮ್ಯಾಲೂ ‘ವಿಷ’ ಅಂತ ಬರದಿರತಾರ, ಓದ್ರಿ.

ಹತ್ತಿಹೊಲ, ಹಾವೇರಿ:
ಹೌದರಿ, ಸಣ್ಣ ಅಕ್ಷರದಾಗ ಐತಿ. ಒಂದ ಔಷಧಕ್ಕ ಎಷ್ಟ ಇಲಿ ಹೊಕ್ಕಾವರಿ?

ನಿವೃತ್ತ, ಧಾರವಾಡ:
ಮೊದಲ ಹಿಂಡಗಟ್ಟಲೆ. ಹಳೇ ವಿಧಾನ 2002ರಾಗ ಒಇಸಿಡಿ ಅನ್ನೋ ದೇಶಗಳ ಒಕ್ಕೂಟ ತನ್ನ ಪರೀಕ್ಷಾ ವಿಧಾನದ ಪಟ್ಟಿಯಿಂದ ತಗೀತು. ಈಗ ಒಂದ ಹಂತಕ್ಕ ಮೂರ ಹೆಣ್ಣಿಲಿ, ಅವು ಹೆಂಗಾದ್ವು ನೋಡಿ ಮುಂದಿನ ಹಂತ. ನನಗ ಸಮಾಧಾನ ಆಗಿದ್ದ ಆವಾಗನ. ಅದಿರಲಿ, ಕಾಕಾ ಅವತ್ತ ಹಾಕ್ಕೊಂಡ ಅಂಗಿ ಏನ್ ಮಾಡಿದ್ರಿ?

ಹತ್ತಿಹೊಲ, ಹಾವೇರಿ:
ಪಡಸಾಲ್ಯಾಗ ಗೂಟಕ್ಕ ಐತ್ರಿ. ಹುಡುಗ್ರು ಅದರ ಕೆಳಗ ಮಲಗತಾವು. ಈಗ ತಗದ ಬರ್ತೀನಿ ತಡೀರಿ.